ಆಶೆ, ಭರವಸೆ ಮತ್ತು ಕಾಯಕ

(ಶ್ರೀಮಠದ ಮಹೋತ್ಸವದ ನಿಮಿತ್ತ ಕಮಲನಗರದಲ್ಲಿ ಕೂಡಿದ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ವ್ಯವಸ್ಥಾಪಕರು ನನಗೆ ಕೊಟ್ಟ ವಿಷಯವು ಮೂರು ಮುಖದ್ದು: ಆಶೆ, ಕೆಲಸ, ಮತ್ತು ಹೊಸದನ್ನು ನಿರ್ಮಿಸುವ ಬಾಳು. ಪಾಠಶಾಲೆಯ ಪಂಡಿತನೊಬ್ಬನ ತಲೆಯ ಮೇಲೆ ಮೂರು ಮೂಟೆ ಹೊರಿಸಿ, ಅರ್ಧ ತಾಸಿನೊಳಗಾಗಿ ಊರು ಮುಟ್ಟಬೇಕೆಂದು ಕಟ್ಟುಮಾಡಿದ್ದಾರೆ. ಸಾಲದ್ದಕ್ಕೆ ಹಿಂಬದಿಯ ಪಾಕಶಾಲೆಯಿಂದ ಹುಗ್ಗಿಯ ಪರಿಮಳವು ಬರುತ್ತಲಿದೆ. ಅದೂ ಒಂದು ಉಪನ್ಯಾಸವೇ. ನನ್ನದಕ್ಕಿಂತ ಬೇಗನೆ ಮನಸ್ಸನ್ನು ಮುಟ್ಟುವಂಥದು. ಸಭಿಕರ ಹೃದಯದಲ್ಲಿ ಸದ್ಯಕ್ಕೆ ನೆಲೆಸಿರುವ ಆಶೆಯು ಯಾವದೆಂಬುದನ್ನು ಊಹಿಸಲು ಬಹಳ ಪಾಂಡಿತ್ಯವು ಬೇಕಾಗಿಲ್ಲ. ಆದಕಾರಣ ಆ ಆಶೆಯೆಂಬ ಶಬ್ದದಿಂದಲೇ ಪ್ರಾರಂಭಿಸುತ್ತೇನೆ.

ಪಾಠಶಾಲೆಯಲ್ಲಿ ಓದಿದವನು ಯಾವ ಸಂಶಯ ಬಂದರೂ ಮೊದಲು ತಟ್ಟುವ ಬಾಗಿಲು ಅಮರಕೋಶದ್ದು. ಅಮರಸಿಂಹನು ಆಶಾ ಎಂಬ ಶಬ್ದವನ್ನು ಎರಡು ಕಡೆಯಲ್ಲಿ ಇಟ್ಟಿದ್ದಾನೆ. ಒಂದು ಕಡೆಯಲ್ಲಿ ಅದು ದಿಕ್ಕಿನ ಹೆಸರು. ಮೂಡಣ ಪಡುವಣಗಳಿಗೆಲ್ಲ ಅದು ಸಲ್ಲುವದು. ಇನ್ನೊಂದು ಕಡೆಯಲ್ಲಿ ಅದು ಉದ್ದವಾಗಿ ಚಾಚಿಕೊಂಡ ತೃಷ್ಣೆಯ ಹೆಸರು. ಈ ಎರಡು ಅರ್ಥಗಳು ಒಂದೇ ಮನೆಯಲ್ಲಿ ಹೇಗೆ ಸಂಸಾರ ಮಾಡುತ್ತವೆಂದು ಕಂಠಪಾಠ ಮಾಡುವ ಹುಡುಗರು ಕೇಳುವದಿಲ್ಲ. ಕೇಳಿದರೆ ಹಿಂದಿನ ಕಾಲದ ಗುರುಗಳ ಬೆತ್ತವು ಮೂರನೆಯ ಅರ್ಥವೊಂದನ್ನು ಹೇಳಿಕೊಡುತ್ತಿದ್ದಿತು. ಇಂದು ಬೆತ್ತದ ಭಯವಿಲ್ಲದ ಕಾರಣ ಕೇಳಿ ನೋಡೋಣ.

ದಿಕ್ಕಿನ ಗುಣವೇನು? ಅದು ದಾರಿ ತೋರಿಸುವದು, ಆದರೆ ಕೈಗೆ ಸಿಗದು. ಈ ಕಮಲನಗರದಿಂದ ಮೂಡಣಕ್ಕೆ ಮುಖ ಮಾಡಿ ನಡೆದವನಿಗೆ ಔರಾದು ಬರುವದು. ಔರಾದನ್ನು ದಾಟಿದರೂ ಮೂಡಣವು ಇನ್ನೂ ಮುಂದೆಯೇ ಉಳಿಯುವದು. ಮೂಡಣವನ್ನು ಮುಟ್ಟಿ ಬಂದೆನೆಂದು ಹೇಳಿದವನನ್ನು ನಾವಾರೂ ಕಂಡಿಲ್ಲ. ಆದರೂ ನಡೆದವನಿಗೆ ಔರಾದಾದರೂ ಸಿಕ್ಕಿತಷ್ಟೆ! ತೃಷ್ಣೆಯ ಗುಣವೋ, ಇದಕ್ಕೆ ವಿಪರೀತವಾದದ್ದು. ಅದು ತಾನು ಕುಳಿತ ಕಟ್ಟೆಯನ್ನು ಬಿಟ್ಟೇಳದೆ ಮೂಡಣವೇ ತನ್ನ ಬಳಿಗೆ ಬರಲೆಂದು ಕೈಚಾಚುವದು. ಕೈ ಉದ್ದವಾಗುತ್ತ ಹೋಗುವದು. ಕಾಲು ಮಾತ್ರ ಇದ್ದಲ್ಲಿಯೇ ಇರುವದು. ಹಿರಿಯರು ಬಿಡೆಂದು ಹೇಳಿದ್ದು ಈ ಎರಡನೆಯ ಆಶೆಯನ್ನು. ಕನ್ನಡನುಡಿಯು ಈ ವಿಷಯದಲ್ಲಿ ಬಹು ಜಾಣತನವನ್ನು ತೋರಿಸಿದೆ. ಕೈಚಾಚುವದಕ್ಕೆ ಆಶೆಯೆಂಬ ಹೆಸರನ್ನು ಬಿಟ್ಟು, ಕಾಲು ನಡೆಸುವದಕ್ಕೆ ಭರವಸೆಯೆಂಬ ಬೇರೊಂದು ಹೆಸರನ್ನು ಇಟ್ಟುಕೊಂಡಿದೆ.

ಇವೆರಡರ ಅಂತರವನ್ನು ನಮ್ಮ ಸೀಮೆಯ ರೈತನು ಯಾವ ಕೋಶವನ್ನೂ ಓದದೆ ಬಲ್ಲನು. ಮೃಗಶಿರಾ ಮಳೆ ಬಿದ್ದ ಮೇಲೆ ಹೆಸರು, ಉದ್ದು, ತೊಗರಿ, ಈಚೆಗೆ ಸೋಯಾ—ಇವುಗಳನ್ನು ಅವನು ಬಿತ್ತುತ್ತಾನೆ. ಬಿತ್ತುವದೆಂದರೇನು? ಉಣ್ಣಲು ಬರುವ ಒಳ್ಳೆಯ ಕಾಳನ್ನೇ ಆರಿಸಿ, ಮನೆಮಕ್ಕಳು ನೋಡುತ್ತಿರುವಂತೆ ಒಯ್ದು ಮಣ್ಣಿನಲ್ಲಿ ಚೆಲ್ಲುವದು. ಬರಿಯ ಆಶೆಬುರುಕನಾಗಿದ್ದರೆ ಅವನು ಆ ಕಾಳನ್ನು ಬೇಯಿಸಿ ಉಣ್ಣುತ್ತಿದ್ದನು. ತೊಗರಿಯು ಕಣಕ್ಕೆ ಬರಲು ಹತ್ತಿರ ಹತ್ತಿರ ಆರು ತಿಂಗಳು ಬೇಕು. ಅಷ್ಟರೊಳಗೆ ಮಳೆಯು ಕೈಕೊಡಬಹುದು, ಕಾಯಿಕೊರಕ ಹುಳವು ಬೀಳಬಹುದು, ಪೇಟೆಯ ಧಾರಣೆಯು ಇಳಿಯಬಹುದು. ಇದೆಲ್ಲವನ್ನೂ ತಿಳಿದು ಬಿತ್ತುವನಲ್ಲದೆ ತಿಳಿಯದೆ ಬಿತ್ತುವದಿಲ್ಲ. ಇನ್ನು ಕೆಲವರಿರುತ್ತಾರೆ, ಹೊಲವನ್ನು ಹರಗದೆ ಬಿಟ್ಟು, ಈ ವರುಷ ಮಳೆ ಹೇಗೆಂದು ಪಂಚಾಂಗದವರನ್ನು ಕೇಳಿ ಬರುತ್ತಾರೆ. ಮಳೆಯು ಚೆನ್ನಾಗಿ ಆಗುವದೆಂದು ಪಂಚಾಂಗದವರು ಹೇಳಿದರೆನ್ನಿರಿ. ಅದರಿಂದ ಅವರ ಹೊಲದಲ್ಲಿ ಕಸವು ಚೆನ್ನಾಗಿ ಬೆಳೆಯುವದು, ಅಷ್ಟೆ.

ನಮ್ಮ ಬೀದರ ಜಿಲ್ಲೆಯಲ್ಲಿಯೇ ಇರುವ ಕಲ್ಯಾಣಪಟ್ಟಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಈ ವಿಚಾರವನ್ನು ಒಬ್ಬ ತಾಯಿಯು ಅಕ್ಕಿಯ ಕಾಳಿನಿಂದ ತೂಗಿ ತೋರಿಸಿದಳು. ಆಯ್ದಕ್ಕಿ ಮಾರಯ್ಯನ ಕಾಯಕವು ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವದು. ಆತನ ಮಡದಿ ಲಕ್ಕಮ್ಮನದು ಅದನ್ನು ಅಟ್ಟು ಜಂಗಮಕ್ಕೆ ನೀಡಿ ತಾವು ಉಣ್ಣುವದು. ಒಂದು ದಿನ ಮಾರಯ್ಯನು ದಿನದ ಮೇರೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಬೇರೆ ಮನೆಯಾಗಿದ್ದರೆ ಆ ದಿನ ಪಾಯಸವಾಗುತ್ತಿದ್ದಿತು. ಗಂಡನಿಗೆ ಒಂದು ಹೊಗಳಿಕೆಯೂ ದೊರೆಯುತ್ತಿದ್ದಿತು. ಲಕ್ಕಮ್ಮನು ಹೆಚ್ಚಿನದನ್ನು ಮರಳಿ ಅಲ್ಲಿಯೇ ಚೆಲ್ಲಿಬರಲು ಕಳಿಸಿದಳು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ನಿರಾಶೆಯ, ಎಂದರೆ ಆಶೆಯನ್ನು ತೊರೆದ ವೈರಾಗ್ಯದ ಕಥೆಯೆಂದು ಹೇಳುತ್ತೇವೆ. ನನ್ನ ಅಲ್ಪಮತಿಗೆ ಇದು ಭರವಸೆಯ ಕಥೆಯಾಗಿ ತೋರುವದು. ಹೆಚ್ಚಿನ ಅಕ್ಕಿಯನ್ನು ಮನುಷ್ಯನು ಯಾಕೆ ತರುತ್ತಾನೆ? ನಾಳೆ ಸಿಗಲಿಕ್ಕಿಲ್ಲವೆಂಬ ಅಂಜಿಕೆಯಿಂದ ತರುತ್ತಾನೆ. ನಾಳೆಯೂ ತನ್ನ ಬೆನ್ನು ಬಾಗುವದು, ಕೈ ಆಯುವದು, ಕಲ್ಯಾಣದ ಅಂಗಳವು ಇರುವದು ಎಂಬ ನಂಬಿಗೆ ಉಳ್ಳವನಿಗೆ ಕೂಡಿಡುವ ಅವಸರವಿಲ್ಲ. ಆದುದರಿಂದ ಆಶೆಯು ಬಹಳವಾದದ್ದರ ಲಕ್ಷಣವು ಭರವಸೆಯು ಬಹಳವಿರುವದೆಂದಲ್ಲ, ಭರವಸೆಯು ಬತ್ತಿರುವದೆಂದು. ಬಾವಿಯ ಸೆಲೆಯು ನಿಂತುಹೋದ ಮನೆಯಲ್ಲಿಯೇ ಕೊಡಗಳ ಸಾಲು ಉದ್ದವಾಗಿರುತ್ತದೆ.

ನುಲಿಯ ಚಂದಯ್ಯನ ಕಥೆಯು ಇದಕ್ಕಿಂತಲೂ ಒಂದು ಹೆಜ್ಜೆ ಮುಂದಿನದು. ಹಗ್ಗ ಹೊಸೆಯಲು ಹುಲ್ಲನ್ನು ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿ ಬಿದ್ದಿತಂತೆ. ಚಂದಯ್ಯನು ಕೆಲಸವನ್ನು ಬಿಟ್ಟು ಬಗ್ಗಲಿಲ್ಲ. ಲಿಂಗವೇ ಆತನ ಬೆನ್ನುಹತ್ತಿ ಬಂದಿತಂತೆ. ನಾವು ದಿನಾಲು ದೇವರ ಬೆನ್ನು ಹತ್ತಿ ಬೇಡುವವರು. ಕಾಯಕವಂತನ ಬೆನ್ನನ್ನು ದೇವರು ಹತ್ತಿದನೆಂದು ಹೇಳುವ ಧೈರ್ಯವು ಈ ಶರಣರ ಪುರಾಣಗಳಿಗೆ ಇತ್ತು. ಲಿಂಗವನ್ನು ಹಗುರಾಗಿ ಕಾಣಬೇಕೆಂಬುದು ಇದರ ತಾತ್ಪರ್ಯವಲ್ಲ. ಕೈಯೊಳಗಿನ ಕೆಲಸದಲ್ಲಿ ಪೂರ್ಣವಾಗಿ ನಿಂತವನು ಬೇರೆಲ್ಲಿಯೋ ಹೋಗಿ ಶಿವನನ್ನು ಹುಡುಕುವ ಕಾರಣವಿಲ್ಲವೆಂಬುದೇ ತಾತ್ಪರ್ಯ.

ಇನ್ನು ನಿರ್ಮಾಣದ ಬಾಳು. ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರುವ ಕಾರಣವಿಲ್ಲ. ಬೀದರ ನಗರದ ಹೆಸರನ್ನೇ ಹೊತ್ತ ಬಿದರಿ ಕೆಲಸವು ನಮ್ಮ ಕಣ್ಣ ಮುಂದೆಯೇ ಇದೆ. ಬಹಮನಿ ಸುಲ್ತಾನರ ಕಾಲದಿಂದ ನಡೆದು ಬಂದದ್ದೆಂದು ಹೇಳುವ ಈ ಕಲೆಗೆ 2006ರಲ್ಲಿ ಭೌಗೋಲಿಕ ಗುರುತಿನ ನೋಂದಣಿಯು ದೊರೆಯಿತು. ಬೀದರದ ಹಿರಿಯ ಕುಶಲಿ ಶಾಹ ರಶೀದ ಅಹಮದ ಖಾದ್ರಿಯವರು 2023ರಲ್ಲಿ ಪದ್ಮಶ್ರೀ ಪದವಿಯನ್ನು ಪಡೆದರು. ಬಿದರಿಯ ಹೂದಾನಿಯನ್ನು ಹಲವರು ಮದುವೆಯ ಉಡುಗೊರೆಯಾಗಿ ಕೊಟ್ಟಿರಬಹುದು. ಅದು ಆಗುವ ಕ್ರಮವನ್ನು ಕಣ್ಣಾರೆ ಕಂಡವರು ಕಡಿಮೆ. ಆದಕಾರಣ ತುಸು ವಿಸ್ತಾರವಾಗಿ ಹೇಳುತ್ತೇನೆ.

ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಕೂಡಿಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಹೊರಬಂದ ಪಾತ್ರೆಯನ್ನು ಅರದಿಂದ ತಿಕ್ಕಿ ನುಣುಪು ಮಾಡುತ್ತಾರೆ. ಆ ಮೇಲೆ ಮೈಲುತುತ್ತದ ನೀರನ್ನು ಸವರಿ ಅದನ್ನು ಕರಿದು ಮಾಡುತ್ತಾರೆ. ಈ ಕಪ್ಪು ನಿಲ್ಲುವ ಕಪ್ಪಲ್ಲ. ಗೆರೆ ಕಾಣಲೆಂದು ಬಳಿದ ಪಾಟಿಯ ಕಪ್ಪು. ಅದರ ಮೇಲೆ ಮೊನೆಯುಳಿಯಿಂದ ಬಳ್ಳಿ, ಎಲೆ, ಹೂವುಗಳನ್ನು ಗೀರಿ, ಉಳಿಯಿಂದ ತೋಡಿ, ತೋಡಿದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೂ ತಗಡನ್ನೂ ಸುತ್ತಿಗೆಯಿಂದ ಬಡಿದು ಕೂಡಿಸುತ್ತಾರೆ. ಬಳಿಕ ಮತ್ತೆ ತಿಕ್ಕುತ್ತಾರೆ. ತಿಕ್ಕಿದಾಗ ಮೊದಲಿನ ಕಪ್ಪು ಹೋಗಿಬಿಡುವದು. ಆಗಿನ ಸ್ಥಿತಿಯನ್ನು ತಾವು ನೋಡಬೇಕು. ಸತುವೂ ಬಿಳುಪು, ಬೆಳ್ಳಿಯೂ ಬಿಳುಪು! ಇಷ್ಟು ದಿನ ಕಣ್ಣು ಕೀಲಿಸಿ ಕೂಡಿಸಿದ ಬಳ್ಳಿಯು ಇದೆಯೋ ಇಲ್ಲವೋ ಎಂಬಂತೆ ಮಸುಕಾಗಿ ಹೋಗುವದು. ತಿಳಿಯದವನು ಆ ಹೊತ್ತಿಗೆ ಬಂದು ನೋಡಿದರೆ, ಇಷ್ಟು ದಿನ ಇವರು ಮಾಡಿದ್ದೇನೆಂದು ಕೇಳಿಯಾನು.

ಇಲ್ಲಿಯೇ ಬೀದರದ ಕೋಟೆಯ ಮಣ್ಣಿನ ಸರದಿ ಬರುವದು. ಕೋಟೆಯ ಹಳೆಯ ಕಟ್ಟಡಗಳೊಳಗೆ, ನೂರಾರು ವರುಷ ಬಿಸಿಲನ್ನೂ ಮಳೆಯನ್ನೂ ಕಾಣದ ಎಡೆಗಳಿಂದ ಆ ಮಣ್ಣನ್ನು ತರುತ್ತಾರೆ. ಒಳ್ಳೆಯ ಮಣ್ಣು ಯಾವದೆಂಬುದನ್ನು ಬಲ್ಲ ಕುಶಲಿಗಳು ನಾಲಿಗೆಗೆ ಹಚ್ಚಿ ರುಚಿ ನೋಡಿ ಹೇಳುತ್ತಾರೆ. ಅದನ್ನು ನವಸಾಗರದೊಡನೆ ನೀರಿನಲ್ಲಿ ಕೂಡಿಸಿ, ಕಾಯಿಸಿ, ಪಾತ್ರೆಗೆ ಹಚ್ಚಿದರೆ ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುವದು. ಬೆಳ್ಳಿಗೆ ಮಾತ್ರ ಅದು ತಾಕದು. ಒಮ್ಮೆಲೆ ಬಳ್ಳಿಯೂ ಎಲೆಯೂ ಹೂವೂ ಎದ್ದು ಬರುವವು. ತುಸು ಎಣ್ಣೆ ಹಚ್ಚಿ ಒರಸಿದರೆ ಕೆಲಸವು ಮುಗಿಯಿತು.

ಇದರಲ್ಲಿ ವಿಚಾರ ಮಾಡತಕ್ಕ ಸಂಗತಿಯೇನೆಂದರೆ, ಬೆಳ್ಳಿಯನ್ನು ಆ ಕಪ್ಪು ಮಣ್ಣು ತರಲಿಲ್ಲ. ಅದು ಮೊದಲೇ ಒಳಗೆ ಕೂತಿತ್ತು; ಕಾಣದೆ ಕೂತಿತ್ತು. ಎರಕ ಹೊಯ್ಯುವವನೊಬ್ಬ, ಕೆತ್ತುವವನೊಬ್ಬ, ಬೆಳ್ಳಿ ಕೂಡಿಸುವವನೊಬ್ಬ, ಹೀಗೆ ಕೆಲಸವು ಕೈಯಿಂದ ಕೈಗೆ ಸಾಗುವಲ್ಲಿ ಮೊದಲಿನವನು ಕೊನೆಯ ಹೊಳಪನ್ನು ತನ್ನ ಕೈಯಲ್ಲಿ ಕಾಣುವದಿಲ್ಲ. ಆದರೂ ಕಾಣದೆಂದು ಗೆರೆಯನ್ನು ಸಡಿಲು ಬಿಡುವದಿಲ್ಲ. ಸಡಿಲು ಬಿಟ್ಟ ಗೆರೆಯಲ್ಲಿ ಬೆಳ್ಳಿ ನಿಲ್ಲದು. ಬೆಳ್ಳಿ ನಿಲ್ಲದಲ್ಲಿ ಕೋಟೆಯ ಮಣ್ಣೆಲ್ಲವನ್ನೂ ಸುರಿದರೂ ಬರಿಯ ಕಪ್ಪೇ ಉಳಿಯುವದು. ಭರವಸೆಯೆಂಬುದು ಮುಖದ ಮೇಲಿನ ನಗೆಯಲ್ಲ. ಫಲವು ಕಣ್ಣಿಗೆ ಬೀಳದ ದಿನಗಳಲ್ಲಿ ಗೆರೆಯನ್ನು ನೇರವಾಗಿ ಎಳೆಯುವ ಕೈಯ ಗುಣ. ಭರವಸೆ ಹುಟ್ಟಿದ ಮೇಲೆ ಕೆಲಸಕ್ಕೆ ಕೂಡುವೆನೆಂದು ಕಾಯುವವನು ಬಹಳ ಕಾಲ ಕಾಯಬೇಕಾಗುವದು. ಕೆಲಸಕ್ಕೆ ಕೂತವನಲ್ಲಿಯೇ ಅದು ಹುಟ್ಟಿಬರುವದು.

ಕವಿತೆ ಬರೆಯುವ ತರುಣರೂ ಈ ಸಭೆಯಲ್ಲಿದ್ದಾರೆ. ಸ್ಫೂರ್ತಿ ಬಂದಾಗ ಬರೆಯುವೆವೆಂದು ಅವರಲ್ಲಿ ಕೆಲವರು ಹೇಳುವದನ್ನು ಕೇಳಿದ್ದೇನೆ. ಸ್ಫೂರ್ತಿಯು ಬೀಗರಿದ್ದ ಹಾಗೆ. ಮನೆಯವರು ಕೆಲಸದಲ್ಲಿ ಮುಳುಗಿರುವ ಹೊತ್ತನ್ನು ನೋಡಿಯೇ ಬರುವದು ಅದರ ವಾಡಿಕೆ. ಹಾಸಿಗೆ ಹಾಸಿ ಕಾದು ಕುಳಿತ ದಿನ ಬೀಗರು ಬಂದದ್ದುಂಟೆ? ವಚನಗಳನ್ನು ನುಡಿದವರಲ್ಲಿ ಅಂಬಿಗರಿದ್ದರು, ನೇಕಾರರಿದ್ದರು, ಮಡಿವಾಳರಿದ್ದರು, ಬುಟ್ಟಿ ಹೆಣೆಯುವ ಮೇದರಿದ್ದರು. ಹರಿಗೋಲನ್ನು ಬದಿಗಿಟ್ಟು ಚೌಡಯ್ಯನೂ, ಮಗ್ಗದಿಂದೆದ್ದು ದಾಸಿಮಯ್ಯನೂ ಸಾಹಿತ್ಯವನ್ನು ಹುಡುಕಲು ಬೇರೆ ಎಲ್ಲಿಗೂ ಹೋಗಲಿಲ್ಲ. ಕೈಯ ಕೆಲಸವೇ ಅವರ ಬಾಯಿಗೆ ಮಾತನ್ನು ತಂದುಕೊಟ್ಟಿತು.

ಆ ಮಾತುಗಳಾದರೂ ನಮ್ಮವರೆಗೆ ಹೇಗೆ ಬಂದವು? ಹೆಸರನ್ನೂ ಬಿಡದೆ ಹೋದ ಎಷ್ಟೋ ಲಿಪಿಕಾರರು ತಾವು ಕಾಣದ ಓದುಗರಿಗಾಗಿ ತಾಡವೋಲೆಯ ಮೇಲೆ ಕಂಠದಿಂದ ಕೊರೆದಿಟ್ಟರು. ಆ ಮೇಲೆ ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು (1880–1964) ಮಠ-ಮನೆಗಳ ಅಟ್ಟಗಳಿಂದ ಓಲೆಗಳನ್ನು ಕೂಡಿಸಿ, ತಿದ್ದಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದರು. ಇದ್ದ ಮನೆಯನ್ನು ಮಾರಿ ಮುದ್ರಣಾಲಯವನ್ನು ಮಾಡಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಪ್ರಾರಂಭಿಸಿದರು. ವಕೀಲರು ಕಕ್ಷಿಗಾರರ ಮನೆಯನ್ನು ಮಾರಿಸಿದ್ದುಂಟೆಂದು ಜನರು ವಿನೋದಕ್ಕಾಗಿ ಹೇಳುವರು. ತಮ್ಮ ಮನೆಯನ್ನೇ ಮಾರಿದ ವಕೀಲರು ಇವರೊಬ್ಬರೇ ಇರಬೇಕು. ಓಲೆ ಕೊರೆದವನ ಕೈಯೊಳಗೆ ಮಸುಕಾಗಿದ್ದ ಬೆಳ್ಳಿಯು ಇವರ ಕೈಯಲ್ಲಿ ಎದ್ದು ಕಂಡಿತು.

ಇನ್ನು ಈ ನೆಲದ ಮಾತಿಗೆ ಬರುತ್ತೇನೆ. ಭಾಲ್ಕಿಯ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಈ ಕಮಲನಗರದಲ್ಲಿಯೇ ಹುಟ್ಟಿದವರು. ನೂರು ವರುಷಗಳನ್ನು ಮೀರಿ ಬಾಳಿ 1999ರಲ್ಲಿ ಲಿಂಗೈಕ್ಯರಾದವರು. ಬಸವಕಲ್ಯಾಣದಲ್ಲಿ ಅನುಭವಮಂಟಪವು ಮತ್ತೆ ಎದ್ದು ನಿಲ್ಲುವಂತೆ ದುಡಿದವರೂ ಅವರೇ. ನಿಜಾಮರ ಆಳಿಕೆಯಲ್ಲಿ ಈ ಸೀಮೆಯ ಕಚೇರಿಯೂ ಶಾಲೆಯೂ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಅವರು ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರೆಂಬುದು ಇಲ್ಲಿಯ ಹಿರಿಯರೆಲ್ಲರೂ ಹೇಳುತ್ತ ಬಂದ ಸಂಗತಿ. ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಕೂಡಿದ್ದು 1948ನೆಯ ಸೆಪ್ಟೆಂಬರದಲ್ಲಿ. ಬೀದರವು ಕನ್ನಡನಾಡಿನೊಡನೆ ಒಂದಾದದ್ದು 1956ನೆಯ ನವೆಂಬರ 1ರಂದು. ಮಕ್ಕಳಿಂದ ಅ ಆ ಬರೆಯಿಸುತ್ತಿದ್ದ ಆ ದಿನಗಳಲ್ಲಿ ಇದಾವದೂ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಕಂಡ ಮೇಲೆ ಕಲಿಸುವೆನೆಂದು ಅವರು ಕುಳಿತಿದ್ದರೆ, ನಾಡು ಒಂದಾದ ದಿನ ಈ ಸೀಮೆಯಲ್ಲಿ ಕನ್ನಡದ ಕಾಗದವನ್ನು ಓದಿ ಹೇಳುವವರು ಎಷ್ಟು ಮಂದಿ ಸಿಗುತ್ತಿದ್ದರು?

ಇದನ್ನು ಹೇಳುವಾಗ ಉರ್ದುವನ್ನು ಹಳಿಯುವದು ನನ್ನ ಉದ್ದೇಶವಲ್ಲ. ಈಗ ತಾನೆ ಹೊಗಳಿದ ಬಿದರಿ ಕೆಲಸದವರಲ್ಲಿ ಬಹಳ ಮಂದಿಯ ಮನೆಮಾತು ಅದೇ. ಗಡಿಯಲ್ಲಿರುವ ನಮಗೆ ಮರಾಠಿಯೂ ನೆರೆಮನೆಯ ಮಾತು. ಕೂಸಿಗೆ ತನ್ನ ತಾಯಿಯ ಮಾತು ಬೇಡವೆನ್ನುವದಷ್ಟೇ ತಪ್ಪು, ಅದನ್ನು ಯಾರು ಅಂದರೂ ಸರಿಯೆ. ಈಗಿನ ಕಾಲದಲ್ಲಿ ಅದನ್ನು ಅನ್ನುವವರು ಯಾರು? ಅರಸರಲ್ಲ. ಅಂಗಡಿಯ ಫಲಕಗಳಲ್ಲಿ ನೂರಕ್ಕೆ 60 ಪಾಲು ಕನ್ನಡವಿರಬೇಕೆಂದು 2024ರಲ್ಲಿ ಸರಕಾರವು ಕಾಯಿದೆಯನ್ನೇ ಮಾಡಿತು. ಅಂದು ಹೊರಗೆ ಉರ್ದು, ಒಳಗೆ ಕನ್ನಡ. ಇಂದು ಹೊರಗೆ ಕನ್ನಡ. ಒಳಗೆ ಏನೆಂಬುದನ್ನು ತಮ್ಮ ತಮ್ಮ ಮನೆಯ ಹೊಸ್ತಿಲನ್ನು ದಾಟಿ ನೋಡಿಕೊಳ್ಳಿರಿ. ಮೊಮ್ಮಗನು ಅಜ್ಜಿಯ ಮಾತನ್ನು ತಿಳಿಯದೆ ತಾಯಿಯ ಮುಖವನ್ನು ನೋಡುವ ಮನೆಗಳು ಹೆಚ್ಚುತ್ತಲಿವೆ. ಫಲಕವನ್ನು ಕಾಯಿದೆಯು ನೋಡಿಕೊಳ್ಳುವದು. ಒಳಗಿನದನ್ನು ಕಾಯಕವೇ ನೋಡಿಕೊಳ್ಳಬೇಕು.

ಒಂದು ಕಠಿಣವಾದ ಮಾತನ್ನೂ ಆಡದೆ ಕುಳಿತರೆ ಈ ಉಪನ್ಯಾಸವು ಅರೆಬೆಂದ ಅಡಿಗೆಯಾಗುವದು. ಆಶೆಯನ್ನು ಬಿಡು, ಕಾಯಕವನ್ನು ಮಾಡು ಎಂದು ಗಾದಿಯ ಮೇಲೆ ಕುಳಿತವರು ನೆಲದ ಮೇಲೆ ಕುಳಿತವರಿಗೆ ಹೇಳುವದು ಬಹಳ ಸುಲಭ. ನಮ್ಮ ತರುಣರು ಪರೀಕ್ಷೆಯ ಮೇಲೆ ಪರೀಕ್ಷೆಗಳನ್ನು ಬರೆದು ನೌಕರಿಯ ದಾರಿಯನ್ನು ಕಾಯುತ್ತಿದ್ದಾರೆ; ಎಷ್ಟೋ ಕುಟುಂಬಗಳು ಹೊಲವಿದ್ದೂ ಹೈದರಾಬಾದು, ಪುಣೆ, ಮುಂಬಯಿಗಳಿಗೆ ಕೂಲಿಗಾಗಿ ಹೋಗುತ್ತಿವೆ. ಅವರು ಮೈಗಳ್ಳರಲ್ಲ. ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಮರಳಿ ಕಳಿಸುವಲ್ಲಿ ಒಂದು ಆಧಾರವಿತ್ತು: ದಿನದ ದುಡಿಮೆಗೆ ದಿನದ ಅನ್ನವು ಕಲ್ಯಾಣದಲ್ಲಿ ತಪ್ಪುತ್ತಿರಲಿಲ್ಲ. ದುಡಿದವನಿಗೆ ಅನ್ನವು ತಪ್ಪುವ ಊರಿನಲ್ಲಿ ಆ ಮಾತನ್ನು ಆಡುವ ಅಧಿಕಾರವು ಯಾರಿಗೂ ಇಲ್ಲ. ಆದುದರಿಂದಲೇ ಶರಣರು ಕಾಯಕದ ಬಗಲಿಗೆ ದಾಸೋಹವನ್ನು ಇಟ್ಟರು. ಕಾಯಕವು ಒಬ್ಬನ ಭರವಸೆ. ದಾಸೋಹವು ಆ ಭರವಸೆಯು ಸುಳ್ಳಾಗದಂತೆ ಊರು ಕೊಡುವ ಹೊಣೆ. ಇದ್ದವರು ದಾಸೋಹವನ್ನು ಮರೆತು ಇಲ್ಲದವರಿಗೆ ಕಾಯಕವನ್ನು ಬೋಧಿಸಿದರೆ ಅದು ಬೋಧೆಯಲ್ಲ, ಬೆದರಿಕೆ. ಹುಗ್ಗಿಯನ್ನು ಬಡಿಸುವದೂ ದಾಸೋಹವೇ. ಆದರೆ ಓದಿದ ಹುಡುಗನಿಗೆ ಒಂದು ಕಸಬನ್ನು ಕಲಿಸುವದು, ಕಸಬು ಬಲ್ಲವನಿಗೆ ಒಂದು ಉಪಕರಣವನ್ನು ಕೊಡಿಸುವದು, ಮಾಡಿದ ವಸ್ತುವಿಗೆ ಚೌಕಾಸಿಯಿಲ್ಲದೆ ತಕ್ಕ ಬೆಲೆಯನ್ನು ಕೊಡುವದು, ಇವೂ ದಾಸೋಹಗಳೇ ಎಂಬುದು ನಮಗೆ ನೆನಪಿರಬೇಕು. ಬಿದರಿಯ ಹೂದಾನಿಯನ್ನು ಕೊಳ್ಳಲು ಹೋದಾಗ ತೂಕವೆಷ್ಟೆಂದು ಕೇಳುವವರು ಸತುವಿನ ಬೆಲೆಯನ್ನು ಕೇಳುತ್ತಾರೆ. ಕಣ್ಣಿನ ಬೆಲೆಯನ್ನು ಕೇಳುವದಿಲ್ಲ.

ತರುಣರಿಗೆ ಒಂದು ಮಾತು. ಸ್ವಾಮಿಗಳವರ ಪಾದಕ್ಕೆರಗಿ ನೌಕರಿಗಾಗಿ ಆಶೀರ್ವಾದವನ್ನು ಬೇಡುವದರಲ್ಲಿ ಕೊರತೆಯೇನೂ ಇಲ್ಲ. ಆಶೀರ್ವಾದವು ಮುಂಗಡವಾಗಿಯೇ ದೊರೆಯುವದು. ಅರ್ಜಿಯನ್ನು ಮಾತ್ರ ತಾವೇ ತುಂಬಬೇಕು. ಅರ್ಜಿಗೆ ಉತ್ತರ ಬರುವವರೆಗೆ ಕೈಯನ್ನು ಮೊಬೈಲಿಗೆ ಒಪ್ಪಿಸಿ ಕೂಡದೆ ಏನಾದರೊಂದು ಕೆಲಸವನ್ನು ಹಿಡಿಯಿರಿ. ಅಜ್ಜಿಯರ ಬೀಸುವ ಹಾಡುಗಳನ್ನು ಬರೆದುಕೊಳ್ಳಿರಿ; ಅಟ್ಟದ ಮೇಲಿನ ಓಲೆಗರಿಗಳನ್ನು ಕೆಳಗಿಳಿಸಿ ಧೂಳು ಒರಸಿರಿ; ಓಣಿಯ ಒಂದು ಕೂಸಿಗೆ ಕನ್ನಡದ ಓದನ್ನು ಕಲಿಸಿರಿ. ಇವುಗಳಿಂದ ನಾಳೆ ನೌಕರಿಯು ಸಿಗುವದೆಂದು ನಾನು ಹೇಳಲಾರೆ. ನೌಕರಿಯ ದಾರಿ ಕಾಯುತ್ತ ಮನುಷ್ಯನು ಒಳಗೆ ಬತ್ತಿಹೋಗದಂತೆ ಇವು ಕಾಯುವವೆಂದು ಮಾತ್ರ ಹೇಳಬಲ್ಲೆ.

ಮಠಕ್ಕೂ ಮಹೋತ್ಸವಕ್ಕೂ ಇದೇ ಮಾತು ಸಲ್ಲುವದು. ಕಳೆದ ವರುಷಗಳನ್ನು ಎಣಿಸಿ ಸಂತೋಷಪಡುವದು ಯೋಗ್ಯವೇ. ಆದರೆ ವರುಷಗಳು ತಾವಾಗಿಯೇ ಕೂಡುತ್ತವೆ. ಊರ ಹೊರಗಿನ ಬಂಡೆಗಲ್ಲಿಗೂ ಅವು ಕೂಡಿರುತ್ತವೆ. ಆ ವರುಷಗಳೊಳಗೆ ಯಾರ ಕೈಯು ಯಾವ ಗೆರೆಯನ್ನು ನೇರವಾಗಿ ಎಳೆಯಿತೆಂಬುದೇ ಮಠದ ನಿಜವಾದ ಲೆಕ್ಕ. ನಮ್ಮ ಹಿರಿಯರು ತಮ್ಮ ಪಾಲಿನ ಬೆಳ್ಳಿಯನ್ನು ಕೂಡಿಸಿ ಹೋದರು. ಸದ್ಯಕ್ಕೆ ಸತುವೂ ಬೆಳ್ಳಿಯೂ ಒಂದೇ ಬಣ್ಣವಾಗಿ ಕಾಣುತ್ತಿರಬಹುದು. ಅದನ್ನು ನೋಡಿ ಎದೆಗುಂದದೆ, ಮುಂದಿನವರ ಕೈಗೆ ಪಾತ್ರೆಯನ್ನು ಜೋಪಾನವಾಗಿ ದಾಟಿಸುವ ಕಾಯಕವು ನಮ್ಮ ಪಾಲಿಗೆ ಬಂದಿದೆ. ಅದನ್ನು ಮಾಡುವ ಬಲವನ್ನು ಶಿವನು ನಮ್ಮೆಲ್ಲರ ರಟ್ಟೆಗಳಿಗೆ ದಯಪಾಲಿಸಲೆಂದು ಬೇಡಿಕೊಳ್ಳುತ್ತೇನೆ.